ಜಿಟಿ3 ಕಾರಿಗೆ ಹಿಂದಿನ ಸೀಟು ಹಾಕಿಸುವ ಮುನ್ನ

ಸಾಮಾನ್ಯವಾಗಿ ಎರಡೇ ಸೀಟಿರುವ ಸ್ಪೋರ್ಟ್ಸ್ ಕಾರಾದ ಪೋರ್ಷೆ 911 ಜಿಟಿ3ಯಲ್ಲಿ ಮಕ್ಕಳನ್ನೂ ಕರೆದೊಯ್ಯಬೇಕೆಂದು ಯೋಚಿಸುತ್ತಿರುವವರು ಮೊದಲು ಪರೀಕ್ಷಿಸಬೇಕಾದದ್ದು ಸೀಟನ್ನಲ್ಲ, ಬೆಲ್ಟ್ ಹಿಡಿದಿಡುವ ಜಾಗವನ್ನು. ಹಿಂಬದಿಯ ಕಾರ್ಪೆಟ್ ಎತ್ತಿ ನೋಡಿದಾಗ ಬೆಲ್ಟಿನ ಬೋಲ್ಟ್ ಕೂರುವ, ಕಾರ್ಖಾನೆಯಲ್ಲೇ ತಿರುಪಿನ ಸುತ್ತುಗಳಿರುವ ನಟ್ ಬೆಸುಗೆ ಹಾಕಿದ ತೂತುಗಳು ಬಾಡಿಯಲ್ಲಿ ಕಂಡರೆ ಮಾತ್ರ ಮುಂದಿನ ಮಾತು. ತೆಳು ತಗಡಿಗೆ ಹೊಸದಾಗಿ ತೂತು ಕೊರೆದು ವಾಷರ್ ಕೊಟ್ಟು ಬಿಗಿಸಿದರೆ, ಢಿಕ್ಕಿಯ ಹೊತ್ತಿಗೆ ಬೋಲ್ಟ್ ತಗಡನ್ನೇ ಹರಿದುಕೊಂಡು ಬರಬಹುದು.

ರೇಸ್ ಟ್ರ್ಯಾಕಿಗೆಂದು ಕೊಡುವ ಕ್ಲಬ್‌ಸ್ಪೋರ್ಟ್ ಪ್ಯಾಕೇಜಿನ ರೋಲ್ ಕೇಜ್ (ಕಾರು ಮಗುಚಿದಾಗ ಒಳಗಿನವರನ್ನು ಕಾಯುವ ಕೊಳವೆಗಳ ಚೌಕಟ್ಟು) ಇರುವ ಕಾರಿನಲ್ಲಿ ಈ ಆಸೆಯನ್ನು ಬಿಡುವುದೇ ಲೇಸು. ಹೆಲ್ಮೆಟ್ ಇಲ್ಲದ ಮಗುವಿನ ತಲೆಯ ಪಕ್ಕದಲ್ಲಿ ಉಕ್ಕಿನ ಕೊಳವೆ ಇರಬಾರದು. ಮುಂದಿನ ಬಕೆಟ್ ಸೀಟಿನ ಬೆನ್ನು ಮಡಚದಿದ್ದರೆ ಮಗುವನ್ನು ಹಿಂದೆ ಕೂರಿಸುವುದೂ ದುಸ್ತರ. ಎಲ್ಲವೂ ಸರಿಯಿದ್ದರೂ ಅಲ್ಲಿ ಕೂರಬಲ್ಲವರು ಚಿಕ್ಕ ಮಕ್ಕಳಷ್ಟೇ, ಆದ್ದರಿಂದ ಚೈಲ್ಡ್ ಸೀಟನ್ನು ಕೊಳ್ಳುವ ಮೊದಲೇ ಅದೇ ಕಾರಿನೊಳಗೆ ಇಟ್ಟು ನೋಡಬೇಕು.

ಭಾರತದಲ್ಲಿ ನೋಂದಣಿಯಾದ ಕಾರಾಗಿದ್ದರೆ ಇನ್ನೊಂದು ತೊಡಕಿದೆ. ಆಸನಗಳ ಸಂಖ್ಯೆ ಆರ್‌ಸಿಯಲ್ಲೇ ನಮೂದಾಗಿರುವುದರಿಂದ, ಅದನ್ನು ಬದಲಿಸುವುದು ವಾಹನದ ಮಾರ್ಪಾಡನ್ನು ನಿಯಂತ್ರಿಸುವ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ವ್ಯಾಪ್ತಿಗೆ ಬರುತ್ತದೆ. ಕೆಲಸಕ್ಕೆ ಕೈಹಾಕುವ ಮುನ್ನ ಆರ್‌ಟಿಒ ಮತ್ತು ವಿಮಾ ಕಂಪನಿಯಿಂದ ಲಿಖಿತ ಉತ್ತರ ಪಡೆಯಿರಿ.

ಹೊಸ ಕಾರನ್ನೇ ಕೊಳ್ಳುವವರಿಗೆ ದಾರಿ ಸುಲಭ: 2024ರ ಅಕ್ಟೋಬರಿನಲ್ಲಿ ಪ್ರಕಟವಾದ ಜಿಟಿ3 ಟೂರಿಂಗ್ ಪ್ಯಾಕೇಜಿಗೆ (ಹಿಂಬದಿಯ ದೊಡ್ಡ ರೆಕ್ಕೆಯಿಲ್ಲದ ಜಿಟಿ3) ಪೋರ್ಷೆ ತಾನೇ ಹಿಂದಿನ ಸೀಟಿನ ಆಯ್ಕೆ ಕೊಟ್ಟಿದೆ. ಬಜೆಟ್ ಒಪ್ಪುವುದಾದರೆ ನನ್ನ ಮತ ಅದಕ್ಕೇ.