ಮಂಡಿಯ ಮಾತಲ್ಲೇ ಪೈಥಾನ್ ಬರೆದೆ: ನನ್ನ ಅನುಭವ

ವೇರಿಯೇಬಲ್‌ಗೆ (ಪ್ರೋಗ್ರಾಂ ಅಂಕಿ ಇಟ್ಟುಕೊಳ್ಳುವ ಡಬ್ಬಿಗೆ) ಕನ್ನಡ ಹೆಸರಿಟ್ಟರೆ ಕೋಡ್ ಹಾಳಾಗುತ್ತದೆ ಅಂತ ಗೆಳೆಯರೆಲ್ಲ ಹೇಳಿದ್ದರು. ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕನ್ನಡ ಹೆಸರಿಟ್ಟೇ ಬರೆದ ನನ್ನ ಬಿಲ್ಲಿಂಗ್ ಪ್ರೋಗ್ರಾಂ ಎರಡು ಸೀಸನ್ ದಾಟಿದೆ. ಒಂದು ಬಿಲ್ಲೂ ತಪ್ಪಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಬರೆದದ್ದು ಒಂದೇ ಫಂಕ್ಷನ್ (ಕೋಡಿನ ಒಂದು ತುಂಡು), 600 ಸಾಲಿನ ಹತ್ತಿರ. ಅಡಿಕೆಯ ಬಗೆಗಳಾದ ಸರಕು, ಬೆಟ್ಟೆ, ರಾಶಿ, ಗೊರಬಲಿಗೆ ಟೈಪ್1, ಟೈಪ್2 ಅಂತ ನಂಬರ್ ಕೊಟ್ಟಿದ್ದೆ. ಒಂದು ರಾತ್ರಿ ಕರೆಂಟ್ ಹೋಗಿ ಬಂದು ಮಾಡುವಾಗ ಅವಸರದಲ್ಲಿ ಟೈಪ್4ಕ್ಕೆ ದರ2 ಅಂತ ಬರೆದೆ. ಮಾರನೇ ದಿನ ಗೊರಬಲಿಗೆ ಬೆಟ್ಟೆ ದರ ಬಿತ್ತು! ಸುಮಾರು ಒಂದು ಕ್ವಿಂಟಾಲ್ ಲಾಟು. 18 ಸಾವಿರದಷ್ಟು ಜಾಸ್ತಿ ಹೋಯಿತು, ನನ್ನ ಕೈಯಿಂದಲೇ ಕಟ್ಟಿದೆ. ಆ ಸಾಲನ್ನು ಮೂರು ಸಲ ಓದಿದ್ದರೂ ತಪ್ಪು ಕಂಡಿರಲಿಲ್ಲ.

ಪೂರ್ತಿ ಅಳಿಸಿ ಮತ್ತೆ ಬರೆದೆ. ಪೈಥಾನ್ 3 ಕನ್ನಡ ಹೆಸರು ಒಪ್ಪುತ್ತದೆ, ಅಲ್ವಾ? ಅಳತೆಯನ್ನೂ ಹೆಸರಲ್ಲೇ ಸೇರಿಸಿದೆ.

ನಿವ್ವಳ_ಕೆಜಿ = ಲಾಟ್_ಕೆಜಿ - ಚೀಲ_ಕೆಜಿ
ಅಡಿಕೆ_ಬೆಲೆ = ನಿವ್ವಳ_ಕೆಜಿ * ಗೊರಬಲು_ಕ್ವಿಂಟಾಲ್_ದರ / 100
ರೈತರಿಗೆ_ಕೊಡುವುದು = ಅಡಿಕೆ_ಬೆಲೆ - ಮುಂಗಡ

ಮಂಡಿಯ ಗುಮಾಸ್ತರಿಗೆ 60 ದಾಟಿದೆ, ಕಂಪ್ಯೂಟರ್ ಮುಟ್ಟಿದವರಲ್ಲ. ಪ್ರಿಂಟ್ ಹಾಕಿ ಕೈಗೆ ಕೊಟ್ಟೆ. ಬೆರಳಿಟ್ಟು ಓದುತ್ತಾ ಹೋಗಿ ಕೊನೇ ಸಾಲಲ್ಲಿ ನಿಂತರು. "ಹಮಾಲಿ ಎಲ್ಲಿ ಹೋಯ್ತು ಮಾರಾಯ?" ಚೀಲ ಹೊರುವವರ ಕೂಲಿ ಬಿಟ್ಟೇ ಹೋಗಿತ್ತು. ಅವತ್ತಿನಿಂದ ಯಾವ ಫಂಕ್ಷನ್ನೂ ಒಂದು ಹಾಳೆ ದಾಟುವುದಿಲ್ಲ. ಅವರು ಓದಿ ಹೂಂ ಅಂದ ಮೇಲೆಯೇ ಮಂಡಿಯ ಕಂಪ್ಯೂಟರಿಗೆ ಹಾಕುವುದು.

'ಲಾಟ್‌ತೂಕ' ಅಂತ ಒಂದೇ ಹೆಸರು ಮಾಡಲು ಹೋಗಿ ಅರ್ಧ ದಿನ ಕಳೆದೆ. ಬರೀ ಎರರ್. ಟ ಕೆಳಗೆ ತ ಒತ್ತು ಬೀಳದಿರಲಿ ಅಂತ ನಡುವೆ ಹಾಕುವ ಕಾಣದ ಅಕ್ಷರ ಇದೆಯಲ್ಲ, ಜೀರೋ ವಿಡ್ತ್ ನಾನ್ ಜಾಯ್ನರ್, ಅದು ಪೈಥಾನ್ ಹೆಸರಿನೊಳಗೆ ನಡೆಯಲ್ಲ. ಅಂಡರ್‌ಸ್ಕೋರ್ ಹಾಕಿದೆ, ಸರಿಹೋಯಿತು. ಹತ್ತಿರದ ಪೂರ್ಣ ಸಂಖ್ಯೆಗೆ ತರುವ ರೌಂಡ್(2.5) ಕೂಡ ನೋಡಿಕೊಳ್ಳಿ. ಪೈಥಾನ್ ಕೊಡುವ ಉತ್ತರ 2, ಮಂಡಿ ಲೆಕ್ಕದಲ್ಲಿ ಅದು 3. ದುಡ್ಡಿಗೆಲ್ಲ ಪೈಥಾನಿನ ಡೆಸಿಮಲ್ ಬಳಸಿ, ಅರ್ಧ ಬಂದರೆ ಮೇಲಕ್ಕೆ ಏರಿಸುವ ರೌಂಡ್ ಹಾಫ್ ಅಪ್ ಹಾಕಿದೆ.

ಹೋದ ವರ್ಷ ಹಮಾಲಿ ದರ ಬದಲಾದಾಗ ನಾನು ತೀರ್ಥಹಳ್ಳಿ ಕಡೆ ತೋಟದಲ್ಲಿದ್ದೆ. ಅಡಿಕೆ ಗೊನೆ ಕೊಯ್ಲು, ಫೋನಿಗೆ ಸಿಗ್ನಲ್ ಇಲ್ಲ. ಮಂಡಿ ಸಾಹುಕಾರರ ಮಗಳು ಬಿಸಿಎ ಓದುತ್ತಾಳೆ. 'ಹಮಾಲಿ' ಅಂತ ಹುಡುಕಿ ಹತ್ತೇ ನಿಮಿಷದಲ್ಲಿ ತಾನೇ ತಿದ್ದಿದ್ದಳು. ಹಳೇ ಕೋಡಿನಲ್ಲಿ ಇಂಥದ್ದಕ್ಕೆ ನನಗೇ ಎರಡು ದಿನ ಬೇಕಿತ್ತು.

ಮುಂಗಡದ ಬಡ್ಡಿ ಲೆಕ್ಕವನ್ನು ನಾಲ್ಕೇ ಸಾಲಿಗೆ ಇಳಿಸಿದ್ದೇನೆ. ಅದು ಹೇಗೆ ಅಂತ ಸದ್ಯಕ್ಕೆ ಹೇಳಲ್ಲ. ಇನ್ನೂ ಎರಡು ಮಂಡಿಯವರ ಜೊತೆ ಮಾತು ನಡೆದಿದೆ.