ರಾತ್ರಿ ಎರಡೂವರೆಗೆ ಬೇಕಾಗುವ ಒಂದು ಸಾಲು

"ಅಕ್ಕಾರ, ಮಲ್ಕೊಂಡಿದ್ರೇನ್ರಿ? ಡೋಸ್ ಕೊಟ್ಟಿಲ್ಲ ಅಂತ ಬರಿಯೂದು ಎಲ್ಲಿ ಐತ್ರಿ ಇದರಾಗ?"

ಫೋನ್ ಮಾಡಿದವಳು ಅಕ್ಕಲಕೋಟೆ ಕಡೆಯ ಹುಡುಗಿ, ನಮ್ಮ ಸರ್ಜಿಕಲ್ ವಾರ್ಡಿನ ಸ್ಟಾಫ್ ನರ್ಸ್. ಹೊತ್ತು ರಾತ್ರಿ ಎರಡೂವರೆ. ಬೆಳಿಗ್ಗೆ ಆಪರೇಷನ್ ಇರುವ ರೋಗಿ, ಬಾಯಿಂದ ಏನೂ ಕೊಡುವ ಹಾಗಿಲ್ಲ. ಆದರೆ ಪರದೆಯಲ್ಲಿ ಎರಡು ಗಂಟೆಯ ಮಾತ್ರೆ ಹೊತ್ತು ಮೀರಿ ಕೆಂಪಾಗಿ ಕೂತಿದೆ. ಕಾಗದದ ಚಾರ್ಟಾಗಿದ್ದರೆ ಆ ಚೌಕಕ್ಕೊಂದು ಸುತ್ತು ಹಾಕಿ, ಪಕ್ಕದಲ್ಲಿ 'ಎನ್‌ಬಿಎಂ', ಅಂದರೆ ನಿಲ್ ಬೈ ಮೌತ್, ಎಂದು ಬರೆದು ಸಹಿ ಮಾಡಿದರೆ ಮುಗಿಯುತ್ತಿತ್ತು.

ಮೂರು ದಿನದ ಹಿಂದಷ್ಟೇ ನನ್ನ ತರಬೇತಿಯಲ್ಲಿ ಅವಳು ಮೊದಲ ಸಾಲಿನಲ್ಲಿ ಕೂತಿದ್ದಳು. ಪ್ರೊಜೆಕ್ಟರ್ ಹಾಕಿ ಎರಡು ತಾಸು ಎಲ್ಲವನ್ನೂ ತೋರಿಸಿದ್ದೆ, ಇದನ್ನೂ ತೋರಿಸಿದ್ದೆ. ಅವಳು ಬರೆದುಕೊಂಡೂ ಇದ್ದಳು. ಬರೆದುಕೊಂಡ ವಹಿ ರೂಮಿನಲ್ಲಿತ್ತು, ಕೆಲಸ ವಾರ್ಡಿನಲ್ಲಿತ್ತು. ಫೋನಿನಲ್ಲೇ ಹೇಳಿಕೊಟ್ಟೆ. ಆಮೇಲೆ ನಿದ್ದೆ ಹತ್ತಲಿಲ್ಲ. ನಾನು ಹೇಳಿದ ಆ ಒಂದು ಸಾಲು ಅವಳ ಕಣ್ಣೆದುರಿಗೇ, ಆ ಕೆಂಪು ಚೌಕದ ಪಕ್ಕದಲ್ಲೇ ಇರಬೇಕಿತ್ತು ಅನ್ನಿಸಿತು.

ನಾನು ವಿಜಯಪುರ ಜಿಲ್ಲೆಯ ಇಂಡಿಯವಳು. ಪುಣೆಗೆ ಬಂದು 18 ವರ್ಷವಾಯಿತು, ಅದರಲ್ಲಿ 13 ವರ್ಷ ವಾರ್ಡಿನಲ್ಲೇ ಕಳೆದಿದ್ದೇನೆ. ಈಗ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸಿಂಗ್ ವಿಭಾಗದ ಪರವಾಗಿ ಕಂಪ್ಯೂಟರ್ ದಾಖಲೆ, ಅಂದರೆ ಇಎಂಆರ್ ತರಬೇತಿ ನೋಡಿಕೊಳ್ಳುತ್ತೇನೆ. ಆ ಫೋನ್ ಬಂದ ಮೇಲಿನ ಒಂದೂವರೆ ವರ್ಷ ನಾನು ಮಾಡಿದ ಕೆಲಸವೆಂದರೆ ಸಾಫ್ಟ್‌ವೇರಿನೊಳಗೇ ದಾರಿ ತೋರಿಸುವ ಟೂರ್‌ಗಳನ್ನು ಕಟ್ಟಿದ್ದು. ಹೊಸ ಬ್ಯಾಂಕ್ ಆ್ಯಪ್ ಹಾಕಿಕೊಂಡವರೆಲ್ಲ ಇದನ್ನು ನೋಡಿರುತ್ತೀರಿ. ಪರದೆ ಪೂರ್ತಿ ಮಬ್ಬಾಗಿ, ಒತ್ತಬೇಕಾದ ಜಾಗವೊಂದೇ ಬೆಳಗುತ್ತದೆ. ಪಕ್ಕದ ಸಣ್ಣ ಪೆಟ್ಟಿಗೆಯಲ್ಲಿ ಒಂದೆರಡು ಸಾಲು, ಕೆಳಗೆ 'ಮುಂದೆ'. ನಮ್ಮ ಸಿಸ್ಟರ್‌ಗಳು ಇದಕ್ಕೆ 'ಬಾಣ' ಎಂದು ಹೆಸರಿಟ್ಟರು. ಕನ್ನಡಕ್ಕೂ ಮರಾಠಿಗೂ ಅದು ಒಂದೇ ಶಬ್ದ, ಹಾಗಾಗಿ ನಿಂತುಬಿಟ್ಟಿತು.

ಇದಕ್ಕೆಂದೇ ತಯಾರಾದ ಉತ್ಪನ್ನಗಳಿವೆ. ಬೆಂಗಳೂರಿನಲ್ಲೇ ಹುಟ್ಟಿದ ವಾಟ್‌ಫಿಕ್ಸ್ ಇದೆ, ಇಸ್ರೇಲಿನಲ್ಲಿ ಹುಟ್ಟಿದ ವಾಕ್‌ಮಿ ಇದೆ. ನಮ್ಮ ಆಸ್ಪತ್ರೆ ಅಷ್ಟು ಖರ್ಚಿಗೆ ಸಿದ್ಧವಿರಲಿಲ್ಲ. ಐಟಿ ವಿಭಾಗದಲ್ಲಿ ಬೆಳಗಾವಿಯ ಹುಡುಗನೊಬ್ಬ ಇದ್ದಾನೆ. ಅವನು ಇಂಥ ಟೂರ್ ಕಟ್ಟಲು ಸಿದ್ಧ ಕೋಡ್ ಕೊಡುವ ಇಂಟ್ರೋ.ಜೆಎಸ್ ನೋಡಿ, ವ್ಯಾಪಾರದ ಬಳಕೆಗೆ ಅದರ ಲೈಸೆನ್ಸ್ ಕೊಳ್ಳಬೇಕಾಗುತ್ತದೆಂದು ಬಿಟ್ಟು, ಡ್ರೈವರ್.ಜೆಎಸ್ ಎಂಬ ಮುಕ್ತ ಲೈಬ್ರರಿ ಹುಡುಕಿದ. ನಮ್ಮ ಇಎಂಆರ್ ಬ್ರೌಸರಿನಲ್ಲೇ ತೆರೆಯುತ್ತದೆ, ಹಾಗಾಗಿ ಅದಕ್ಕೆ ಜೋಡಿಸಲು ತೊಂದರೆಯಾಗಲಿಲ್ಲ. ಕೈ ಪಳಗಲೆಂದು ನಾನು ಮೊದಲು ಓಪನ್‌ಎಂಆರ್‌ಎಸ್‌ನ ಡೆಮೊ ತೆರೆದುಕೊಂಡು ಕೂರುತ್ತಿದ್ದೆ. ಅದು 2004ರಲ್ಲಿ ಶುರುವಾದ, ರೋಗಿಗಳ ದಾಖಲೆ ಇಡುವ ಮುಕ್ತ ತಂತ್ರಾಂಶ. ಅದರ ಮೇಲೆ ಕಟ್ಟಿದ ಬಹ್ಮನಿ ಎಂಬ ಆಸ್ಪತ್ರೆ ತಂತ್ರಾಂಶ ಛತ್ತೀಸಗಡದ ಗನಿಯಾರಿಯಂಥ ಹಳ್ಳಿಯ ಆಸ್ಪತ್ರೆಯಲ್ಲೂ ನಡೆದಿದೆ. ಡೆಮೊದಲ್ಲಿರುವುದು ಸುಳ್ಳು ರೋಗಿಗಳು, ಎಷ್ಟು ತಪ್ಪು ಮಾಡಿದರೂ ಯಾರಿಗೂ ನೋವಿಲ್ಲ. ಯಾವ ಪುಟಕ್ಕೆ ಎಷ್ಟು ಮಾತು ಸಾಕು ಎಂದು ಅಲ್ಲಿ ಅಳೆದು ನೋಡಿದೆ.

ಆದರೂ ಮೊದಲ ಟೂರ್ ನಡೆಯಲಿಲ್ಲ. ಲಾಗಿನ್ ಆದ ಕೂಡಲೇ ತೆರೆದುಕೊಳ್ಳುವ ಹಾಗೆ 31 ಹೆಜ್ಜೆಯದನ್ನು ಮಾಡಿದ್ದೆ. ಮೆನುವಿನಲ್ಲಿ ಇದ್ದಬದ್ದದ್ದನ್ನೆಲ್ಲ ಎಡದಿಂದ ಬಲಕ್ಕೆ ತೋರಿಸಿದ್ದೆ. ಬೆಳಿಗ್ಗೆ ಎಂಟಕ್ಕೆ ಪಾಳಿ ಬದಲಾಗುವ ಹ್ಯಾಂಡೋವರ್ ಹೊತ್ತಿಗೆ ಆರು ಜನ ಸಿಸ್ಟರ್‌ಗಳು, ಎರಡು ಕಂಪ್ಯೂಟರ್. ಮೂರನೇ ಹೆಜ್ಜೆ ದಾಟಿದವರು ಒಬ್ಬಿಬ್ಬರು, ಉಳಿದವರು ಮೂಲೆಯ ಗುಣಾಕಾರ ಚಿಹ್ನೆ ಒತ್ತಿ ಕೆಲಸಕ್ಕೆ ಇಳಿದರು. ಸರಿಯಾಗಿಯೇ ಮಾಡಿದರು. ಇನ್ಸುಲಿನ್ ಕೊಡಲು ಬಂದವಳಿಗೆ ರಿಪೋರ್ಟ್ ಮೆನು ಎಲ್ಲಿದೆ ಎಂದು ಹೇಳುತ್ತಾ ನಿಂತರೆ ಅವಳು ಯಾಕೆ ಕೇಳಿಯಾಳು?

ಆಮೇಲೆ ಎರಡು ವಾರ ಒಂದು ವಹಿ ಹಿಡಿದು ಮೂರೂ ಪಾಳಿಯಲ್ಲಿ ಸಿಸ್ಟರ್‌ಗಳ ಹಿಂದೆ ಸ್ಟೂಲ್ ಹಾಕಿಕೊಂಡು ಕೂತೆ. ಏನೂ ಕೇಳಲಿಲ್ಲ. ಮೌಸ್ ಹಿಡಿದ ಕೈ ಎಲ್ಲಿ ನಿಲ್ಲುತ್ತದೋ ಅದನ್ನಷ್ಟೇ ಬರೆದುಕೊಂಡೆ. ಈ ಕೆಲಸಕ್ಕೆ ಇಳಿಯುವವರಿಗೆ ನನ್ನದೊಂದೇ ವಿನಂತಿ, ಇದನ್ನು ಬಿಡಬೇಡಿ. ಅಡ್ಮಿಷನ್ ಪುಟಕ್ಕೆ ನಾನು ಏಳು ಹೆಜ್ಜೆ ಕೊಟ್ಟಿದ್ದೆ, ಅಲ್ಲಿ ಒಬ್ಬರ ಕೈಯೂ ನಿಲ್ಲಲಿಲ್ಲ. ನಿಂತದ್ದು ಬೇರೆ ಕಡೆ. ಕೊಡದ ಡೋಸ್. ಕೊಟ್ಟ ಮೇಲೆ ರೋಗಿ ವಾಂತಿ ಮಾಡಿಕೊಂಡ ಡೋಸ್. ಡಾಕ್ಟರು ಫೋನಿನಲ್ಲಿ ಹೇಳಿದ ಆರ್ಡರ್. ಎಲ್ಲಕ್ಕಿಂತ ಹೆಚ್ಚಾಗಿ, ಸೇವ್ ಮಾಡಿದ ಮೇಲೆ ಗೊತ್ತಾದ ತಪ್ಪು. ತಿದ್ದಿದರೆ ತನ್ನ ಮೇಲೆ ಬರುತ್ತದೆಂಬ ಅಂಜಿಕೆಗೆ ಎಷ್ಟೋ ಜನ ತಪ್ಪನ್ನು ಹಾಗೇ ಬಿಟ್ಟು, ಕೆಳಗೆ ಹೊಸದೊಂದು ನಮೂದು ಹಾಕುತ್ತಿದ್ದರು. ಆ ಜಾಗಕ್ಕೆ ಬರೆದ ಬಾಣ ಹೀಗಿದೆ: 'ಇಲ್ಲಿ ತಿದ್ದಿ. ಹಳೆಯದು ಅಳಿಸಿಹೋಗುವುದಿಲ್ಲ. ಚಾರ್ಟಿನಲ್ಲಿ ಒಂದೇ ಗೆರೆ ಎಳೆದು ಸಹಿ ಹಾಕಿದ ಹಾಗೆ, ಎರಡೂ ಕಾಣುತ್ತವೆ.' ಯಾರು, ಯಾವಾಗ, ಏನು ಬದಲಿಸಿದರೆಂಬ ಜಾಡು ಉಳಿಯಬೇಕೆಂದು ಭಾರತ ಸರ್ಕಾರದ 2016ರ ಇಎಚ್‌ಆರ್ (ಕಂಪ್ಯೂಟರ್ ಆರೋಗ್ಯ ದಾಖಲೆ) ಮಾನದಂಡಗಳೇ ಹೇಳುತ್ತವೆ. ಸಿಸ್ಟರ್‌ಗೆ ಮಾನದಂಡದ ಹೆಸರು ಬೇಡ, ಚಾರ್ಟಿನ ಗೆರೆ ನೆನಪಾದರೆ ಧೈರ್ಯ ಬರುತ್ತದೆ.

ಕೊಡದ ಡೋಸಿನ ಬಾಣಕ್ಕೆ ಮೂರೇ ಹೆಜ್ಜೆ. ಕೆಂಪು ಚೌಕದ ಪಕ್ಕದಲ್ಲಿ: 'ಈ ಹೊತ್ತಿನ ಡೋಸ್ ಕೊಡಲಿಲ್ಲವೇ? ಇಲ್ಲಿ ಒತ್ತಿ.' ಎರಡನೆಯದು: '"ನಾಟ್ ಗಿವನ್" ಆರಿಸಿ. "ಸ್ಟಾಪ್" ಒತ್ತಬೇಡಿ, ಅದು ಡಾಕ್ಟರ ಆರ್ಡರನ್ನೇ ನಿಲ್ಲಿಸುತ್ತದೆ.' ಮೂರನೆಯದು: 'ಯಾಕೆ ಕೊಡಲಿಲ್ಲ? ಡಾಕ್ಟರಿಗೆ ಹೇಳಿದ್ದರೆ ಆ ಸಮಯ ಬರೆಯಿರಿ.' ನಡುವಿನ ಹೆಜ್ಜೆ ಬಹಳ ಮುಖ್ಯ. ಎರಡೂ ಗುಂಡಿ ಒಂದರ ಪಕ್ಕ ಒಂದಿವೆ. ಒಂದು ಹೊತ್ತಿನ ಮಾತ್ರೆ ಬಿಡಲು ಹೋಗಿ ಇಡೀ ಔಷಧ ನಿಂತರೆ, ಆಪರೇಷನ್ ಆದ ಮೇಲೆ ಅದನ್ನು ಶುರು ಮಾಡಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಡೋಸಿನ ಹೊತ್ತು ಅರ್ಧ ತಾಸು ಮೀರಿದಾಗ ಮಾತ್ರ ಈ ಬಾಣ ತಾನಾಗಿ ಬರುತ್ತದೆ. ಒಬ್ಬ ಸಿಸ್ಟರ್ ಎರಡು ಸಲ ಸರಿಯಾಗಿ ಮಾಡಿದರೆ ಅವಳಿಗೆ ಮತ್ತೆ ಬರುವುದಿಲ್ಲ. ಮೂಲೆಯಲ್ಲೊಂದು ಪ್ರಶ್ನೆ ಚಿಹ್ನೆ ಉಳಿಯುತ್ತದೆ, ಬೇಕಾದವರು ಒತ್ತಿಕೊಳ್ಳುತ್ತಾರೆ.

'ಒಬ್ಬ ಸಿಸ್ಟರ್' ಎಂದು ಗುರುತಿಸುವುದಕ್ಕೇ ನಮಗೆ ಒಂದು ತಿಂಗಳು ಹಿಡಿಯಿತು. ಮೊದಲು ಬಾಣ ನೋಡಿದ ಗುರುತು ಬ್ರೌಸರಿನಲ್ಲಿ ಉಳಿಯುತ್ತಿತ್ತು. ನರ್ಸಿಂಗ್ ಸ್ಟೇಷನ್ನಿನ ಕಂಪ್ಯೂಟರ್ ಇಡೀ ವಾರ್ಡಿಗೆ ಸೇರಿದ್ದು. ಬೆಳಗಿನ ಪಾಳಿಯವಳು ನೋಡಿ ಮುಗಿಸಿದರೆ, ರಾತ್ರಿ ಬರುವ ಹೊಸಬಳಿಗೆ ಏನೂ ಕಾಣುತ್ತಿರಲಿಲ್ಲ. ಆ ಗುರುತನ್ನು ಸರ್ವರಿನಲ್ಲಿ, ಅವರವರ ಲಾಗಿನ್ ಜೊತೆ ಇಟ್ಟ ಮೇಲೆ ಸರಿಹೋಯಿತು. ಆಗ ಇನ್ನೊಂದು ಸಂಗತಿ ಹೊರಬಿತ್ತು. ಕೆಲವು ಕಡೆ ಒಬ್ಬರ ಲಾಗಿನ್‌ನಲ್ಲೇ ಪಾಳಿ ಪೂರ್ತಿ ಎಲ್ಲರೂ ಬರೆಯುತ್ತಿದ್ದರು. ಅದನ್ನು ಬಿಡಿಸುವ ಕೆಲಸ ಬಾಣದ್ದಾಗಿರಲಿಲ್ಲ. ಸಿಸ್ಟರ್ ಇನ್‌ಚಾರ್ಜ್‌ಗಳ ಜೊತೆ ಕೂತು ಮಾತಾಡಬೇಕಾಯಿತು.

ಈಗ ನನ್ನಿಂದಲೇ ಆದ ತಪ್ಪನ್ನು ಹೇಳಬೇಕು. ವೈಟಲ್ಸ್, ಅಂದರೆ ಬಿಪಿ, ಉಸಿರಾಟದಂಥವನ್ನು ಬರೆಯುವ ಪುಟದ ಬಾಣದಲ್ಲಿ ನಾನು 'ಉದಾಹರಣೆಗೆ: ಬಿಪಿ 120/80, ಉಸಿರಾಟ 18' ಎಂದು ಬರೆದಿದ್ದೆ. ಖಾನೆ ತುಂಬದೆ 'ಮುಂದೆ' ಹೋಗದ ಹಾಗೆ ಬೀಗವನ್ನೂ ಹಾಕಿದ್ದೆ, ಮಾಡಿ ಕಲಿಯಲಿ ಎಂಬ ಆಸೆಗೆ. ಒಂದು ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರು ಪರದೆ ನೋಡಿ, "ನಾಲ್ಕೂ ಪೇಷಂಟ್ 120/80, ನಾಲ್ಕಕ್ಕೂ 18?" ಎಂದು ಕೇಳಿದರು. ಕೆಲಸಕ್ಕೆ ಸೇರಿ ವಾರವಾಗಿದ್ದ ಹುಡುಗಿ ಬೆಳಗಿನ ಜಾವ ನಾಲ್ಕೂ ಜನರ ಬಿಪಿ ನೋಡಿದ್ದಳು, ಉಸಿರು ಎಣಿಸಿದ್ದಳು, ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಂಡಿದ್ದಳು. ಪರದೆ ಮಬ್ಬಾಗಿ ಬಾಣ ಬಂದಾಗ ಅದನ್ನು ಅಭ್ಯಾಸದ ಪಾಠವೆಂದು ತಿಳಿದು, ಅದು ಹೇಳಿದ ಅಂಕಿಯನ್ನೇ ಹಾಕಿ ಮುಂದೆ ಹೋಗಿದ್ದಳು. ಅದು ನಿಜವಾದ ರೋಗಿಗಳ ನಿಜವಾದ ದಾಖಲೆ. ಆ ಚೀಟಿಯಲ್ಲಿ ಒಬ್ಬರ ಉಸಿರಾಟ 26 ಇತ್ತು.

ಇದು ಸಣ್ಣ ಮಾತಲ್ಲ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2017ರಲ್ಲಿ ಹೊರತಂದ, ರೋಗಿಯ ಸ್ಥಿತಿ ಕೆಡುತ್ತಿದೆಯೇ ಎಂದು ಅಂಕ ಹಾಕಿ ನೋಡುವ ನ್ಯೂಸ್-2 ಪಟ್ಟಿಯಲ್ಲಿ ಉಸಿರಾಟ 12ರಿಂದ 20 ಇದ್ದರೆ ಸೊನ್ನೆ, 21ರಿಂದ 24ಕ್ಕೆ ಎರಡು ಅಂಕ, 25 ಮತ್ತು ಮೇಲಕ್ಕೆ ಮೂರು. ಆ ಒಂದೇ ಖಾನೆಯಲ್ಲಿ ಮೂರು ಬಂದರೂ ರೋಗಿಯನ್ನು ಬೇಗ ಹೋಗಿ ನೋಡಬೇಕು. 18 ಎಂದು ಬರೆದರೆ ಯಾರೂ ಹೋಗುವುದಿಲ್ಲ. ಪುಣ್ಯಕ್ಕೆ ಚೀಟಿ ಜೇಬಿನಲ್ಲೇ ಇತ್ತು, ಡಾಕ್ಟರು ಅಲ್ಲೇ ನಿಂತಿದ್ದರು, ರೋಗಿಯನ್ನು ಆಗಲೇ ನೋಡಿದರು. ಆ ಹುಡುಗಿ ಚೇಂಜಿಂಗ್ ರೂಮಿನಲ್ಲಿ ಕೂತು ಅಳುತ್ತಿದ್ದಳು. ತಪ್ಪು ಟೂರಿನದು, ಅದನ್ನು ಬರೆದವಳು ನಾನು ಎಂದು ವರದಿಯಲ್ಲಿ ಬರೆದು ಸಹಿ ಹಾಕಿದೆ. ಅವಳಿಗೂ ಅದನ್ನು ಓದಿಸಿದೆ.

ಅಂದೇ ಸಂಜೆ ಎಲ್ಲ ಬಾಣಗಳಿಂದ ಉದಾಹರಣೆಯ ಅಂಕಿಗಳನ್ನು ಕಿತ್ತುಹಾಕಿದೆವು. ಬೀಗ ತೆಗೆದೆವು. ನಿಜವಾದ ದಾಖಲೆಯ ಮೇಲೆ ಬಾಣ ದಾರಿ ತೋರಿಸುತ್ತದೆ ಅಷ್ಟೇ, ಏನನ್ನೂ ಬರೆಯಿಸುವುದಿಲ್ಲ, ಯಾರನ್ನೂ ತಡೆಯುವುದಿಲ್ಲ. ಮಾಡಿ ಕಲಿಯಲು ಬೇರೆ ಸರ್ವರ್ ಇದೆ. ಅದರ ತಲೆಯ ಮೇಲೆ ದಪ್ಪ ಹಳದಿ ಪಟ್ಟಿ, ಅದರೊಳಗೆ 'ಅಭ್ಯಾಸ' ಎಂಬ ಅಕ್ಷರ. ಉಸಿರಾಟದ ಖಾನೆಯ ಪಕ್ಕ ಈಗ ಇರುವುದು ಒಂದೇ ಪ್ರಶ್ನೆ: 'ಪೂರ್ತಿ ಒಂದು ನಿಮಿಷ ಎಣಿಸಿದಿರಾ?'

ಭಾಷೆಯ ವಿಷಯ. ನಮ್ಮಲ್ಲಿ ಮರಾಠಿ ಸಿಸ್ಟರ್‌ಗಳು ಹೆಚ್ಚು, ಕೇರಳದವರಿದ್ದಾರೆ, ಸೊಲ್ಲಾಪುರ, ಜತ್ತ, ವಿಜಯಪುರ ಕಡೆಯ ನಮ್ಮವರಿದ್ದಾರೆ. ನಾನು ಪ್ರತಿ ಬಾಣವನ್ನೂ ಮೊದಲು ಕನ್ನಡದಲ್ಲಿ ವಹಿಯಲ್ಲಿ ಬರೆಯುತ್ತೇನೆ. ಹಾಗೆ ಬರೆದರೆ ಮಾತು ಬಾಯಿಂದ ಬಂದ ಹಾಗಿರುತ್ತದೆ. ಆಮೇಲೆ ಮರಾಠಿ, ಹಿಂದಿ, ಇಂಗ್ಲಿಷ್. ಗುಂಡಿಗಳ ಹೆಸರನ್ನು ಮಾತ್ರ ಪರದೆಯಲ್ಲಿ ಇರುವ ಹಾಗೇ ಇಡುತ್ತೇನೆ, ಅನುವಾದಿಸಿದರೆ ಕಣ್ಣು ಹುಡುಕುತ್ತಲೇ ಇರುತ್ತದೆ. ರಜೆಯ ಭಾನುವಾರ ಮೂರು ನಾಲ್ಕು ಜನ ಹುಡುಗಿಯರು ನಮ್ಮ ಮನೆಗೆ ಬರುತ್ತಾರೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ ಮಾಡಿಟ್ಟು, ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿಸುತ್ತೇನೆ. ಓದುವಾಗ ಎಲ್ಲಿ ತಡವರಿಸುತ್ತಾರೋ ಅಲ್ಲಿ ಪೆನ್ನು ಹಾಕುತ್ತೇನೆ. ಮೊದಲು ನಾನು 'ಕಾರಣವನ್ನು ಆಯ್ಕೆ ಮಾಡಿ' ಎಂದು ಬರೆದಿದ್ದೆ. "ಅಕ್ಕಾರ, ಹಂಗ್ಯಾಕ್ರಿ, ಯಾಕ ಕೊಡಲಿಲ್ಲ ಅಂತ ಕೇಳ್ರಿ, ಸಾಕು" ಅಂದವಳು ಅದೇ ಅಕ್ಕಲಕೋಟೆಯ ಹುಡುಗಿ.

ರಿಜಿಸ್ಟ್ರೇಷನ್ ಕೌಂಟರಿಗೆ ಮಾಡಿದ್ದು ಒಂದೇ ಬಾಣ, ಅದು ಚೆನ್ನಾಗಿ ಕೆಲಸ ಮಾಡುತ್ತಿದೆ. 2021ರ ಸೆಪ್ಟೆಂಬರಿನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶದಾದ್ಯಂತ ಶುರುವಾದ ಮೇಲೆ ಆಭಾ ಸಂಖ್ಯೆ, ಅಂದರೆ ರೋಗಿಯ ಡಿಜಿಟಲ್ ಆರೋಗ್ಯ ಖಾತೆಯ ಸಂಖ್ಯೆ, ಬಂತು. ಸರದಿಯ ಗಡಿಬಿಡಿಯಲ್ಲಿ ಅದರ ಖಾನೆಗೆ ಆಧಾರ್ ಹಾಕುವುದು ನಡೆಯುತ್ತಲೇ ಇತ್ತು. 'ಆಭಾಗೆ 14 ಅಂಕಿ. 12 ಇದ್ದರೆ ಅದು ಆಧಾರ್, ಇಲ್ಲಿ ಹಾಕಬೇಡಿ. ಆಭಾ ಇಲ್ಲದಿದ್ದರೆ ಖಾಲಿ ಬಿಡಿ, ಒತ್ತಾಯ ಬೇಡ.'

ಯಾರು ಯಾವ ಹೆಜ್ಜೆಯಲ್ಲಿ ಬಿಟ್ಟುಹೋದರೆಂಬ ಲೆಕ್ಕ ಇಡುತ್ತೇವೆ, ರೋಗಿಯ ಹೆಸರಾಗಲಿ ನಂಬರಾಗಲಿ ಅದರೊಳಗೆ ಬರುವುದಿಲ್ಲ. ಬೇರೆ ಕಂಪನಿಯ ಉಪಕರಣ ಹಾಕಿಕೊಳ್ಳುವವರು ಇದನ್ನು ಮೊದಲೇ ಕೇಳಿ ಬರೆಸಿಕೊಳ್ಳಿ. ಪರದೆಯ ಚಿತ್ರ ಹೊರಗಿನ ಸರ್ವರಿಗೆ ಹೋಗುತ್ತದೆಯೇ ಎಂದು ಕೇಳಿ. 2023ರ ಡೇಟಾ ಸಂರಕ್ಷಣಾ ಕಾಯ್ದೆ ಬಂದಿದೆ, ಆದರೆ ನನಗೆ ಅದಕ್ಕೂ ಮುಂಚೆ ಮಂಚದ ಮೇಲೆ ಮಲಗಿದವರ ಮರ್ಯಾದೆ ಕಣ್ಣಿಗೆ ಬರುತ್ತದೆ.

ಇನ್ನೊಂದು ಕಷ್ಟವೆಂದರೆ ಅಪ್‌ಡೇಟ್. ಒಂದು ಸಲ ಸಾಫ್ಟ್‌ವೇರ್ ಹೊಸದಾದ ರಾತ್ರಿ ಗುಂಡಿಗಳ ಸಾಲು ಬದಲಾಗಿ, 'ನಾಟ್ ಗಿವನ್' ತೋರಿಸಬೇಕಾದ ಬಾಣ 'ಸ್ಟಾಪ್' ಕಡೆ ತಿರುಗಿತ್ತು. ಬೆಳಕು ಒಂದು ಗುಂಡಿಯ ಮೇಲೆ, ಅಕ್ಷರ ಇನ್ನೊಂದರ ಹೆಸರು ಹೇಳುತ್ತಿದೆ. ಮಲಯಾಳಿ ಸಿಸ್ಟರ್ ಒಬ್ಬರು ಗಮನಿಸಿ ಫೋನ್ ಮಾಡಿದರು. ಬೆಳಗಾವಿಯ ಹುಡುಗ ಸಾಲಿನಲ್ಲಿ ಎಷ್ಟನೇ ಗುಂಡಿ ಎಂದು ಎಣಿಸಿ ಗುರುತಿಟ್ಟಿದ್ದ. ಈಗ ಪ್ರತಿ ಗುಂಡಿಗೂ ಬದಲಾಗದ ಹೆಸರೊಂದನ್ನು ಸಾಫ್ಟ್‌ವೇರ್ ಕಂಪನಿಯವರಿಂದಲೇ ಹಾಕಿಸಿದ್ದಾನೆ. ಆ ಹೆಸರು ಸಿಗದಿದ್ದರೆ ಬಾಣ ಸುಮ್ಮನೆ ಮರೆಯಾಗುತ್ತದೆ, ನಮಗೆ ಮೇಲ್ ಬರುತ್ತದೆ. ಅಪ್‌ಡೇಟ್ ಆಗುವ ಮುಂಚೆ ಅಭ್ಯಾಸದ ಸರ್ವರಿನಲ್ಲಿ ನಾನು ಎಲ್ಲ ಬಾಣಗಳನ್ನೂ ಕೈಯಿಂದಲೇ ಒಮ್ಮೆ ನಡೆಸಿ ನೋಡುತ್ತೇನೆ. ಒಂದು ತಾಸು ಹಿಡಿಯುತ್ತದೆ.

ಸದ್ಯ ವಹಿಯಲ್ಲಿರುವುದು ರಕ್ತ ಕೊಡುವ ಪುಟ. ಚೀಲ ಹಚ್ಚುವ ಮುಂಚೆ ಇಬ್ಬರು ಸಿಸ್ಟರ್‌ಗಳು ಮಂಚದ ಪಕ್ಕದಲ್ಲೇ ನಿಂತು ಹೆಸರು, ಗುಂಪು, ಚೀಲದ ನಂಬರ್ ತಾಳೆ ನೋಡಬೇಕು. ಶುರುವಾದ 15 ನಿಮಿಷಕ್ಕೆ ಮತ್ತೆ ವೈಟಲ್ಸ್. ಇಬ್ಬರೂ ತಮ್ಮ ತಮ್ಮ ಲಾಗಿನ್‌ನಿಂದ ಒಪ್ಪಿಗೆ ಒತ್ತಬೇಕು. ಬಾಣ ಹಾಕಿದರೆ ಎರಡನೆಯವಳು ಚೀಲ ನೋಡುವ ಬದಲು ಬಾಣವನ್ನೇ ನೋಡಿ ಒತ್ತಿಬಿಟ್ಟಾಳೆಂಬ ಭಯ ನನಗಿದೆ. ಅಕ್ಕಲಕೋಟೆಯ ಹುಡುಗಿ ಎರಡನೆಯವಳಿಗೆ ಬಾಣವೇ ಬೇಡ ಅನ್ನುತ್ತಾಳೆ. ಮುಂದಿನ ವಾರ ಅವಳದು ನೈಟ್ ಡ್ಯೂಟಿ. ಸ್ಟೂಲ್ ತೆಗೆದುಕೊಂಡು ಹೋಗಿ ಹಿಂದೆ ಕೂರುತ್ತೇನೆ.