ಹತ್ತುವ ಮೊದಲು ಇಳಿಯಲು ಕಲಿಯಿರಿ

ಚಾರಣಕ್ಕೆ ಹೋಗಬೇಕು ಅನ್ನಿಸಿದ ಕೂಡಲೇ ಹೆಚ್ಚಿನವರು ಮಾಡುವ ಮೊದಲ ಕೆಲಸ ಶಾಪಿಂಗ್. ಅದನ್ನು ಸದ್ಯಕ್ಕೆ ಬದಿಗಿಡಿ. ಟೆಂಟು, ಸ್ಲೀಪಿಂಗ್ ಬ್ಯಾಗು ಬಾಡಿಗೆಗೆ ತಂದರೂ ನಡೆಯುತ್ತದೆ. ದುಡ್ಡು ಹಾಕುವುದಿದ್ದರೆ ಶೂಗೆ ಹಾಕಿ. ಸಂಜೆ ಹೊತ್ತು ಕೊಳ್ಳಿ, ಆಗ ಪಾದ ಸ್ವಲ್ಪ ಊದಿಕೊಂಡಿರುತ್ತದೆ. ಇಳಿಜಾರಿನಲ್ಲಿ ನಿಂತಾಗ ಹೆಬ್ಬೆರಳು ಮುಂದೆ ತಾಗಬಾರದು.

ಮೊದಲ ಒಂದೆರಡು ತಿಂಗಳು ಕಾಲಿಗೆ ಮೀಸಲು. ಬಿರುಸಾಗಿ ನಡೆಯಿರಿ, ಮೆಟ್ಟಿಲು ಹತ್ತಿ. ಹತ್ತುವಾಗ ಏದುಸಿರು ಬರುತ್ತದೆ, ನಿಜ. ಆದರೆ ಮರುದಿನ ತೊಡೆ ನೋಯುವುದು ಜಾಸ್ತಿ ಇಳಿದದ್ದಕ್ಕೆ! ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು. ಆದ್ದರಿಂದ ಮೇಲೆ ಹೋಗಿ ಲಿಫ್ಟ್‌ನಲ್ಲಿ ಕೆಳಗೆ ಬರಬೇಡಿ. ಮೆಟ್ಟಿಲಲ್ಲೇ ನಿಧಾನವಾಗಿ ಇಳಿಯಿರಿ.

ಆಮೇಲೆ ಭಾರ. ಬ್ಯಾಗಿಗೆ ನೀರಿನ ಬಾಟಲಿ ತುಂಬಿ, 4–5 ಕೆಜಿಯಿಂದ ಶುರು ಮಾಡಿ. ಮಂಡಿ ತಕರಾರು ಮಾಡಿದರೆ ಮೇಲೆಯೇ ನೀರು ಚೆಲ್ಲಿ ಇಳಿಯಬಹುದು, ಕಲ್ಲು ತುಂಬುವವರಿಗೆ ಈ ಸುಖ ಇಲ್ಲ. ಮೈತೂಕದ ಐದನೇ ಒಂದು ಭಾಗ ಮೀರದಿರಲಿ, ಅಂದರೆ 60 ಕೆಜಿಯವರಿಗೆ 12 ಕೆಜಿ.

ಬ್ಯಾಗ್ ಹಾಕುವುದಕ್ಕೂ ಕ್ರಮ ಇದೆ. ಎಲ್ಲ ಪಟ್ಟಿ ಸಡಿಲ ಮಾಡಿ ಹೆಗಲಿಗೇರಿಸಿ. ಮೊದಲು ಸೊಂಟದ ಬೆಲ್ಟನ್ನು ಸೊಂಟದ ಮೂಳೆಯ ಮೇಲೆ ಕೂರಿಸಿ ಬಿಗಿ ಮಾಡಿ. ಹೊಟ್ಟೆಯ ಮೇಲಲ್ಲ. ಆಮೇಲಷ್ಟೇ ಹೆಗಲ ಪಟ್ಟಿ ಎಳೆಯಿರಿ. ಸರಿಯಾಗಿ ಕೂತರೆ ಬಹುಪಾಲು ಭಾರ ಸೊಂಟ ಹೊರುತ್ತದೆ. ಭಾರದ ಸಾಮಾನು ಬೆನ್ನಿಗೆ ಅಂಟಿಕೊಂಡಂತೆ ನಡುಭಾಗದಲ್ಲಿರಲಿ. ಜೀನ್ಸ್, ಹತ್ತಿ ಬನಿಯನ್ ಬೇಡ. ಒದ್ದೆಯಾದರೆ ಬೇಗ ಒಣಗುವುದಿಲ್ಲ, ಗಾಳಿಗೆ ಮೈ ನಡುಗುತ್ತದೆ.

ಎಷ್ಟು ಹೊತ್ತು ಬೇಕು? 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಕೊಟ್ಟ ಲೆಕ್ಕ ಈಗಲೂ ಬಳಕೆಯಲ್ಲಿದೆ. 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದರಲ್ಲಿ ಸುಸ್ತು ಕಳೆಯುವ ಹೊತ್ತು ಸೇರಿಲ್ಲ. ಹೊಸಬರು ಅರ್ಧದಷ್ಟು ಜಾಸ್ತಿ ಇಟ್ಟುಕೊಳ್ಳುವುದೇ ಒಳ್ಳೆಯದು. ಎಷ್ಟು ಗಂಟೆಗೆ ವಾಪಸ್ ತಿರುಗಬೇಕು ಅಂತ ಮನೆಯಲ್ಲೇ ನಿರ್ಧರಿಸಿ. ತುದಿ ಕಾಣುತ್ತಿದ್ದಾಗ ಯಾರೂ ಗಡಿಯಾರ ನೋಡುವುದಿಲ್ಲ.

ಹಿಮ್ಮಡಿ ಸುಮ್ನೆ ಬಿಸಿ ಅನ್ನಿಸಿದರೂ ಆಗಲೇ ನಿಂತು ಟೇಪ್ ಅಂಟಿಸಿ. ಗುಳ್ಳೆ ಎದ್ದ ಮೇಲೆ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ.

ಬಂಡೆ ಹತ್ತುವ ಆಸೆಯಿದ್ದರೆ ತರಬೇತುದಾರರಿರುವ ಕೃತಕ ಗೋಡೆಯಿಂದ ಶುರು ಮಾಡಿ. ಕೈಯಿಂದ ಮೈ ಎಳೆದುಕೊಳ್ಳಬೇಡಿ, ಕಾಲಿನಿಂದ ತಳ್ಳಿ. ಕೈ ನೇರವಾಗಿದ್ದಷ್ಟೂ ಸುಸ್ತು ಕಡಿಮೆ. ಸ್ನಾಯು ಬಲಿಯುವಷ್ಟು ಬೇಗ ಬೆರಳಿನ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ಬಲಿಯುವುದಿಲ್ಲ, ಹಾಗಾಗಿ ದಿನಾ ಹತ್ತಬೇಡಿ. ನೆಲ ಬಿಡುವ ಮುಂಚೆ, ನಿಮಗೆ ಹಗ್ಗ ಕಟ್ಟಿದ ಎಂಟರ ಗಂಟನ್ನು (8ರ ಆಕಾರದ ಗಂಟು) ಕೆಳಗೆ ಹಗ್ಗ ಹಿಡಿಯುವ ಜೊತೆಗಾರರು ನೋಡಲಿ. ಅವರ ಕ್ಯಾರಬೈನರ್ (ಲೋಹದ ಕೊಂಡಿ) ಲಾಕ್ ಆಗಿದೆಯೇ ಅಂತ ನೀವು ಒತ್ತಿ ನೋಡಿ. ಪ್ರತಿ ಸಲವೂ. ಹಳಬರು ‘ಪರವಾಗಿಲ್ಲ, ಹತ್ತಿ’ ಅಂದರೂ ಕೇಳಬೇಡಿ.